ಕಾರ್ಯಪ್ಪ ತಪ್ಪು ಉತ್ತರವಾದ ಸಂಜೆ

ಮಡಿಕೇರಿಯಲ್ಲಿ, ತುಂಬಿದ ಸಭೆಯ ಮುಂದೆ, ಮೈಕ್ ಹಿಡಿದು ‘ಕಾರ್ಯಪ್ಪ ಅನ್ನುವ ಉತ್ತರ ತಪ್ಪು’ ಎಂದು ಹೇಳಿದವಳು ನಾನು. ಹೇಳಿದ ಮೇಲೆ ಒಂದು ವಾರ ಮಾರ್ಕೆಟ್ ಕಡೆ ತಲೆ ಹಾಕಲಿಲ್ಲ. ತರಕಾರಿಗೆ ಮನೆಯವರನ್ನು ಕಳಿಸಿದೆ.

ಇದು ಹೇಗಾಯಿತು ಅಂತ ಕೇಳುವವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಬರೆದು ಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ಶಾಲೆ, ಸಂಘ, ಗಣೇಶೋತ್ಸವ, ಎಲ್ಲಿ ಕ್ವಿಜ್ ಇದ್ದರೂ ಪ್ರಶ್ನೆ ನನ್ನದೇ. ನಿವೃತ್ತಿಯಾದ ಮೇಲೆ ಪೇಟೆಯ ಹೊರಗೆ ಎರಡು ಎಕರೆ ತೋಟ, ಹತ್ತು ಕೋಳಿ, ಮತ್ತೆ ಟಿವಿ. ಚಂದನದಲ್ಲಿ 2002ರಲ್ಲಿ ಶುರುವಾದ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಇದೆಯಲ್ಲ, ಸರಿ ಉತ್ತರಕ್ಕೆ ಪುಸ್ತಕ ಕೊಡುವ ಕಾರ್ಯಕ್ರಮ, ಅದು ಬರುವಾಗ ಮನೆಗೆ ನೆಂಟರು ಬಂದರೂ ನನಗೆ ಕಾಣುವುದಿಲ್ಲ.

ಡಿಸೆಂಬರ್ ಕೊನೆಯ ವಾರ, ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ, ನನ್ನ ಹಳೇ ಶಿಷ್ಯನೊಬ್ಬ ಬೈಕಿನಲ್ಲಿ ಬಂದ. ಎಂಟನೇ ಕ್ಲಾಸಿನಲ್ಲಿ ನಕ್ಷೆ ಬರೆಯುವಾಗ ಕಾವೇರಿಯನ್ನು ಅರಬ್ಬೀ ಸಮುದ್ರಕ್ಕೆ ಸೇರಿಸಿದ ಹುಡುಗ. ಈಗ ಇಲ್ಲಿಯ ಒಂದು ಕೇಬಲ್ ಚಾನೆಲ್‌ನಲ್ಲಿ ಕಾರ್ಯಕ್ರಮ ಮಾಡಿಸುವವನು.

“ಟೀಚರೆ, ಒಂದು ಕ್ವಿಜ್ ಮಾಡ್ಲಿಕ್ಕೆ ಉಂಟು. ಮಕ್ಕಳದ್ದಲ್ಲ, ಸೆಲೆಬ್ರಿಟಿಗಳದ್ದು. ಗೆದ್ದ ಹಣ ಎಲ್ಲ ದಾನಕ್ಕೆ.”

“ನಮ್ಮಲ್ಲಿ ಸೆಲೆಬ್ರಿಟಿ ಯಾರು ಮಾರಾಯ?”

ಅವನು ಬೆರಳು ಮಡಚಿ ಎಣಿಸತೊಡಗಿದ. ದೇಶಕ್ಕೆ ಹಾಕಿ ಆಡಿದವರೊಬ್ಬರು. ನಿವೃತ್ತ ಕರ್ನಲ್ ಒಬ್ಬರು. ಧಾರಾವಾಹಿಯಲ್ಲಿ ಅತ್ತಿಗೆ ಪಾತ್ರ ಮಾಡುವ ಹುಡುಗಿ. ರೇಡಿಯೊದಲ್ಲಿ ಇಪ್ಪತ್ತು ವರ್ಷ ದನಿ ಕೇಳಿಸಿದವರು. ಯೂಟ್ಯೂಬಿನಲ್ಲಿ ಕಡಂಬುಟ್ಟು, ಪಂದಿ ಕರಿ ಮಾಡಿ ತೋರಿಸುವ ಅಣ್ಣ. ಹೀಗೆ ಒಂಬತ್ತು ಜನ. ಮೂವರು ಮೂವರಾಗಿ ಮೂರು ಸುತ್ತು, ಗೆದ್ದ ಮೂವರಿಗೆ ಫೈನಲ್. ನಾಲ್ಕು ಕಂತು. ಎರಡು ದಿನದಲ್ಲಿ ರೆಕಾರ್ಡಿಂಗ್ ಮುಗಿಯಬೇಕು. ಪ್ರಶ್ನೆ 160 ಬೇಕು, ಕೇಳುವುದು 120, ಉಳಿದದ್ದು ಕೈಯಲ್ಲಿರಲಿ.

ಐಡಿಯಾ ಎಲ್ಲಿಂದ ಬಂತು ಅಂದರೆ ಫೋನು ತೆಗೆದು ತೋರಿಸಿದ. ಅಮೆರಿಕದಲ್ಲಿ ‘ಜೆಪರ್ಡಿ’ ಅಂತ ಒಂದು ಕ್ವಿಜ್ ಉಂಟು. ಅಲ್ಲಿ ಉತ್ತರದ ರೂಪದಲ್ಲಿ ಸುಳಿವು ಕೊಡುತ್ತಾರೆ, ಆಡುವವರು ಅದಕ್ಕೆ ಪ್ರಶ್ನೆ ಹೇಳಬೇಕು. 1992ರಿಂದ ಅದರಲ್ಲಿ ಸಿನಿಮಾದವರು, ಟಿವಿಯವರು ದಾನಕ್ಕಾಗಿ ಆಡುವ ವಿಶೇಷ ಕಂತುಗಳೂ ಬರುತ್ತಿವೆ. 2010ರಲ್ಲಿ ಮೈಕಲ್ ಮೆಕೀನ್ ಎಂಬ ನಟ ಅಂಥದೇ ಒಂದು ದೊಡ್ಡ ಪಂದ್ಯಾವಳಿ ಗೆದ್ದು, ಹತ್ತು ಲಕ್ಷ ಡಾಲರನ್ನು ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗಾಗಿ ಕೆಲಸ ಮಾಡುವ ಸಂಸ್ಥೆಗೆ ಕೊಡಿಸಿದ್ದರು. “ನಮ್ಮದು ಅಷ್ಟು ದೊಡ್ಡದಲ್ಲ ಟೀಚರೆ,” ಅಂದ ಶಿಷ್ಯ. ಅದು ನನಗೂ ಗೊತ್ತಿತ್ತು.

ನಮ್ಮದು ಒಟ್ಟು 3 ಲಕ್ಷ 40 ಸಾವಿರ. ಒಬ್ಬರು ಪ್ಲಾಂಟರು, ಒಂದು ಚಿನ್ನದಂಗಡಿ, ಎರಡು ಹೋಮ್‌ಸ್ಟೇ ಸೇರಿ ಕೊಟ್ಟದ್ದು. ಗೆದ್ದವರು ಆರಿಸಿದ ಸಂಸ್ಥೆಗೆ ಒಂದೂವರೆ ಲಕ್ಷ, ಫೈನಲಿನ ಉಳಿದಿಬ್ಬರಿಗೆ 50 ಸಾವಿರದ ಹಾಗೆ, ಮೊದಲ ಸುತ್ತಿನಲ್ಲೇ ಸೋತ ಆರು ಜನರ ಸಂಸ್ಥೆಗಳಿಗೆ 15 ಸಾವಿರದ ಹಾಗೆ. ಸೋತವರ ಸಂಸ್ಥೆ ಬರಿಗೈಯಲ್ಲಿ ಹೋಗಬಾರದು ಅಂತ ಹಟ ಹಿಡಿದವಳು ನಾನು. ಸ್ಟೇಜಿನ ಮೇಲೆ ಮರ್ಯಾದೆ ಹೋದರೆ ಅದು ಆಡಿದವರದ್ದು, ಅದಕ್ಕೆ ವೃದ್ಧಾಶ್ರಮದ ಅಜ್ಜಿ ಯಾಕೆ ದಂಡ ಕೊಡಬೇಕು?

ಹಣದ ವಿಷಯದಲ್ಲಿ ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಚಾನೆಲ್‌ನ ಆಡಿಟರ್ ಹೇಳಿದರು. ಹಣ ಆಡಿದವರ ಕೈಗೆ ಹೋದರೆ ಅದು ಬಹುಮಾನ. ಕ್ವಿಜ್ ಬಹುಮಾನಕ್ಕೆ ನೂರಕ್ಕೆ 30ರಂತೆ ತೆರಿಗೆ ಮುರಿದುಕೊಂಡೇ ಕೊಡಬೇಕು. ಒಂದೂವರೆ ಲಕ್ಷದಲ್ಲಿ 45 ಸಾವಿರ ಅಲ್ಲೇ ಹೋಯಿತು. ಆಮೇಲೆ ಉಳಿದದ್ದನ್ನು ಅವರು ದಾನ ಮಾಡಿದ ಹಾಗಾಗುತ್ತದೆ. ಅದಕ್ಕೆ ಪ್ರಾಯೋಜಕರೇ ನೇರವಾಗಿ ಸಂಸ್ಥೆಯ ಹೆಸರಿಗೆ ಚೆಕ್ ಬರೆಯಲಿ, ಆಡಿದವರಿಗೆ ಒಂದು ಹಾರ, ಒಂದು ಸ್ಮರಣಿಕೆ ಸಾಕು ಅಂದರು. ಹಾಗೇ ಆಯಿತು.

ಆಮೇಲೆ ಸಂಸ್ಥೆಗಳ ಕಾಗದಪತ್ರ. ಹಾಕಿ ಆಟಗಾರ್ತಿ ಬರೆದುಕೊಟ್ಟದ್ದು ‘ನಮ್ಮೂರ ಹುಡುಗಿಯರ ಹಾಕಿ ಟೀಮ್’ ಅಂತ. ಆ ಟೀಮಿಗೆ ನೋಂದಣಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಸರಿಯಾಗಿ ಹನ್ನೊಂದು ಸ್ಟಿಕ್ಕೂ ಇಲ್ಲ. ಕಡೆಗೆ ಆ ಊರಿನ ಸರಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಹಣ ಹಾಕುವುದು, ಸ್ಟಿಕ್ ಕೊಂಡ ಬಿಲ್ಲನ್ನು ಶಾಲೆಯಲ್ಲಿ ಇಡುವುದು ಅಂತ ತೀರ್ಮಾನವಾಯಿತು. ಈ ಒಂದು ಸಾಲು ಬರೆಯುವುದು ಸುಲಭ. ಅದಕ್ಕಾಗಿ ಶಿಷ್ಯ ನಾಲ್ಕು ಸಲ ಆ ಊರಿಗೆ ಬೈಕು ಓಡಿಸಿದ.

ಇನ್ನು ಪ್ರಶ್ನೆ.

ಪ್ರಶ್ನೆ ಬರೆಯುವುದು ಅಂದರೆ ಕಷ್ಟದ ವಿಷಯ ಹುಡುಕಿ ಎದುರಿನವರನ್ನು ಕೆಡವುವುದು ಅಂತ ಹೊಸಬರು ತಿಳಿದಿರುತ್ತಾರೆ. ನಾನೂ ಮೊದಲು ಹಾಗೇ ಇದ್ದೆ. ‘ಕೊಡಗಿನ ವಿಸ್ತೀರ್ಣ ಎಷ್ಟು?’ 4,102 ಚದರ ಕಿಲೋಮೀಟರ್. ಸರಿ, ಆಮೇಲೆ? ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಸುಮ್ನೆ ಕೂರುತ್ತಾನೆ. ಟಿವಿಯ ಮುಂದೆ ಕೂತವನಿಗೆ ಅದರಲ್ಲಿ ಏನೂ ಇಲ್ಲ. ಉತ್ತರ ಗೊತ್ತಿಲ್ಲದಿದ್ದರೂ ಊಹಿಸಲು ಒಂದು ಕಾಲುದಾರಿ ಇರಬೇಕು. ಉತ್ತರ ಕೇಳಿದ ಮೇಲೆ ‘ಅಯ್ಯೋ, ಹೌದಲ್ವಾ’ ಅನ್ನಿಸಬೇಕು.

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು: ‘ಆಗಸ್ಟ್ ಮೊದಲ ವಾರ ಕೊಡಗಿನಲ್ಲಿ ಮೂತ್ರ ಕೆಂಪಾದರೆ ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ. ಯಾಕೆ?’ ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದಿರುತ್ತಾರೆ, ಅದಕ್ಕೆ. ಈ ಸೊಪ್ಪಿನಲ್ಲಿ ಆ ದಿನ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಮ್ಮ ನಂಬಿಕೆ. ಚಾನೆಲ್‌ನ ಯಜಮಾನರಿಗೆ ಮಾತ್ರ ‘ಮೂತ್ರ’ ಎಂಬ ಮಾತು ಹಿಡಿಸಲಿಲ್ಲ. “ಜನ ಊಟದ ಹೊತ್ತಿಗೆ ನೋಡ್ತಾರೆ ಟೀಚರೆ,” ಅಂದರು. ತೆಗೆಯಲಿಲ್ಲ ನಾನು.

ಇನ್ನೊಂದು: ‘1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆಯನ್ನು ಹರಿಜನ ನಿಧಿಗೆ ಕೊಟ್ಟ ಕತೆಗಾರ್ತಿ ಯಾರು?’ ಕೊಡಗಿನ ಗೌರಮ್ಮ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಆಕೆಗಿನ್ನೂ 27. ದಾನಕ್ಕಾಗಿ ಆಡುವ ಆಟದಲ್ಲಿ ಈ ಪ್ರಶ್ನೆ ಇರಲೇಬೇಕು ಅಂತ ಮೊದಲ ದಿನವೇ ಬರೆದಿಟ್ಟಿದ್ದೆ.

ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಶ್ನೆಯ ಎದುರು ಮೂರು ಕಾಲಂ. ಎಲ್ಲಿ ಓದಿದ್ದು? ಇನ್ನೊಂದು ಕಡೆ ನೋಡಿ ತಾಳೆಯಾಯಿತಾ? ಬೇರೆ ಉತ್ತರ ಸಾಧ್ಯವಾ? ಮೂರನೆಯದೇ ಮುಖ್ಯ. ಅದರಲ್ಲಿ ‘ಸಾಧ್ಯ’ ಅಂತ ಬಂದರೆ ಪ್ರಶ್ನೆ ಔಟ್. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ್ದು ಎಲ್ಲಿ ಅನ್ನುವ ಪ್ರಶ್ನೆ ಹಾಗೇ ಹೋಯಿತು. ಒಂದು ಕಡೆ ಶನಿವಾರಸಂತೆ ಅಂತ ಇದೆ, ಇನ್ನೊಂದು ಕಡೆ ಮಡಿಕೇರಿ ಅಂತ ಇದೆ. ಹುಟ್ಟಿದ ವರ್ಷವೂ ಹಾಗೇ, 1899 ಅಂತ ಒಬ್ಬರು, 1900 ಅಂತ ಇನ್ನೊಬ್ಬರು. ಕೊಡಗಿನಲ್ಲಿ ಕೂತು ಇಂಥ ಪ್ರಶ್ನೆ ಕೇಳುವುದು ಜೇನುಗೂಡಿಗೆ ಕೋಲು ಹಾಕಿದ ಹಾಗೆ. ಹೊಡೆದು ಹಾಕಿದೆ. ಅಷ್ಟು ಹುಷಾರಾಗಿದ್ದವಳು ನಾನು! ಇದನ್ನು ನೆನಪಿಡಿ.

ಬರೆದ ಪ್ರಶ್ನೆಗಳನ್ನು ಮೊದಲು ಮನೆಯವರ ಮೇಲೆ, ಆಮೇಲೆ ತೋಟಕ್ಕೆ ಬರುವ ಹೆಂಗಸರ ಮೇಲೆ ಪ್ರಯೋಗ ಮಾಡುತ್ತಿದ್ದೆ. ರೊಬಸ್ಟಾ ಕುಯ್ಯುತ್ತಾ ಅವರು ಕೊಟ್ಟ ಉತ್ತರಗಳಿಂದ ಗೊತ್ತಾದದ್ದು, ನನ್ನ ವಾಕ್ಯಗಳು ಉದ್ದ. ಕೇಳುವವರು ಮಧ್ಯದಲ್ಲೇ ಕಳೆದುಹೋಗುತ್ತಾರೆ. ನಿರೂಪಕನೂ ಅದನ್ನೇ ಹೇಳಿದ: “ಟೀಚರೆ, ಒಂದು ಉಸಿರಿಗೆ ಓದುವ ಹಾಗೆ ಕೊಡಿ.” ನ್ಯಾಯವೇ. ನಮ್ಮಲ್ಲಿ ಒಬ್ಬೊಬ್ಬರ ಮನೆಮಾತು ಒಂದೊಂದು. ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ಕಾನ್ವೆಂಟಿನಲ್ಲಿ ಓದಿದವರಿಗೆ ಉದ್ದ ಕನ್ನಡ ವಾಕ್ಯ ಕೇಳಿದರೆ ಮಂಡೆ ಬಿಸಿಯಾಗುತ್ತದೆ. ಉತ್ತರವನ್ನು ಯಾವ ಭಾಷೆಯಲ್ಲಿ ಹೇಳಿದರೂ ಸರಿ ಅಂತ ನಿಯಮ ಮಾಡಿದೆ. ಪ್ರಶ್ನೆಗಳನ್ನು ಕತ್ತರಿಸಿದೆ. ಫೆಬ್ರವರಿ ಪೂರ್ತಿ ಕತ್ತರಿಸಿದೆ. ಅನಾಹುತ ಆದದ್ದು ಅಲ್ಲೇ.

ಈ ನಡುವೆ ಫೋನುಗಳು. ಆಡುವವರಲ್ಲಿ ಒಬ್ಬರ ಮ್ಯಾನೇಜರಂತೆ, ಬೆಂಗಳೂರಿನಿಂದ. “ಮೇಡಂ, ಟಾಪಿಕ್ ಸ್ವಲ್ಪ ಹೇಳಿದ್ರೆ ನಮ್ಮವರು ಪ್ರಿಪೇರ್ ಆಗ್ತಾರೆ. ಚಾರಿಟಿ ಅಲ್ವಾ.” ಆಮೇಲೆ ನಮ್ಮದೇ ದೂರದ ನೆಂಟರು: “ಅಕ್ಕ, ಒಂದೆರಡು ಹೇಳಿಬಿಡಿ. ದುಡ್ಡು ಹೋಗುವುದು ಒಳ್ಳೆ ಕೆಲಸಕ್ಕೆ ತಾನೆ?” ಈ ‘ತಾನೆ’ ನನಗೆ ಆಗುವುದಿಲ್ಲ. ಒಳ್ಳೆ ಕೆಲಸಕ್ಕೆ ಅಂತ ಹೇಳಿ ಅಕ್ಕಿ ಅಳೆಯುವಾಗ ಸೇರು ವಾರೆ ಮಾಡುತ್ತೀರಾ? ಒಂದು ಸಂಸ್ಥೆಗೆ ಸುಳಿವು ಕೊಟ್ಟು ಗೆಲ್ಲಿಸಿದರೆ ಎಂಟು ಸಂಸ್ಥೆಗಳ ಬಾಯಿಗೆ ಮಣ್ಣು ಹಾಕಿದ ಹಾಗೆ. ಪ್ರಶ್ನೆಯ ಕಾರ್ಡುಗಳನ್ನು ಲಕೋಟೆಗೆ ಹಾಕಿ, ಅರಗು ಒತ್ತಿ, ಅಕ್ಕಿ ಡಬ್ಬದೊಳಗೆ ಇಟ್ಟೆ. ಯಾವ ಲಕೋಟೆ ಯಾವ ಸುತ್ತಿಗೆ ಅನ್ನುವುದನ್ನು ಸ್ಟೇಜಿನ ಮೇಲೆ ಚೀಟಿ ಎತ್ತಿ ನಿರ್ಧರಿಸುವುದು. ನನಗೂ ಗೊತ್ತಿರಬಾರದು.

ಬಜರ್ ಮಾಡಿಕೊಟ್ಟವನು ಪೇಟೆಯ ಎಲೆಕ್ಟ್ರಿಷಿಯನ್. ಮೂರು ಕಾಲಿಂಗ್ ಬೆಲ್ ಸ್ವಿಚ್ಚು, ಮೂರು ಬಣ್ಣದ ಬಲ್ಬು, ಒಳಗೆ ರಿಲೇ. ಒಬ್ಬರು ಒತ್ತಿದ ಕೂಡಲೇ ಉಳಿದಿಬ್ಬರದ್ದು ಸತ್ತು ಹೋಗುತ್ತದೆ. ಪ್ರಶ್ನೆ ಪೂರ್ತಿ ಓದುವ ಮೊದಲೇ ಒತ್ತುವವರನ್ನು ಏನು ಮಾಡುವುದು? ಅಮೆರಿಕದ ಆಟದಲ್ಲಿ ಹಾಗೆ ಅವಸರ ಮಾಡಿದವರ ಬಟನ್ ಕಾಲು ಸೆಕೆಂಡು ಕೆಲಸ ಮಾಡುವುದಿಲ್ಲ. ನಮ್ಮ ಎಲೆಕ್ಟ್ರಿಷಿಯನ್‌ಗೆ ಕಾಲು ಸೆಕೆಂಡು ಹೊಂದಿಸಲು ಆಗಲಿಲ್ಲ, ಎರಡು ಸೆಕೆಂಡಿಗೆ ನಿಲ್ಲಿಸಿದ. “ಕೊಡಗಿನವರಿಗೆ ಅಷ್ಟು ಬೇಕು ಟೀಚರೆ,” ಅಂದ.

ಮಾರ್ಚ್ ಮೊದಲ ಶನಿವಾರ ಮತ್ತು ಭಾನುವಾರ ರೆಕಾರ್ಡಿಂಗ್. ಜೂನ್ ಮೇಲೆ ಇಟ್ಟುಕೊಂಡರೆ ನಮ್ಮಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ. ಮಾರ್ಚಿಗೂ ಮೊದಲು ಕುಯ್ಲು, ಜನ ಬರುವುದಿಲ್ಲ. ಜಾಗ ಒಂದು ಹಳೇ ಹಾಲ್, ಮೇಲೆ ಜಿಂಕ್ ಶೀಟ್. ನನಗೆ ಸ್ಟೇಜಿನ ಎಡಗಡೆ ಒಂದು ಮೇಜು, ಒಂದು ಮೈಕು, ಮೈಕಿನ ಪಕ್ಕ ನೋಟ್‌ಬುಕ್ಕು. ಅನುಮಾನದ ಉತ್ತರ ಬಂದರೆ ತೀರ್ಪು ನನ್ನದು. ಸರಿ ಉತ್ತರಕ್ಕೆ 10, ತಪ್ಪಿದರೆ 5 ಕಳೆಯುವುದು. ತಪ್ಪಾದ ಮೇಲೆ ಬೇರೆಯವರು ಒತ್ತಬಹುದು.

ಮೊದಲ ದಿನದ್ದು ಜಾಸ್ತಿ ಹೇಳುವುದಿಲ್ಲ. ಧಾರಾವಾಹಿಯ ಹುಡುಗಿಯ ಮೇಕಪ್ಪಿಗೆ ಒಂದೂವರೆ ಗಂಟೆ ಹಿಡಿಯಿತು. ಅಡುಗೆಯ ಅಣ್ಣ ಮದ್ದು ಸೊಪ್ಪಿನ ಪ್ರಶ್ನೆಗೆ ಒತ್ತಿ, ಉತ್ತರದ ಜೊತೆ ಪಾಯಸ ಮಾಡುವ ಕ್ರಮವನ್ನೂ ಹೇಳತೊಡಗಿದರು, ನಿಲ್ಲಿಸಲು ಕಷ್ಟವಾಯಿತು. ರೇಡಿಯೊದ ಅಕ್ಕ ಗೌರಮ್ಮನ ಹೆಸರು ಹೇಳಿದಾಗ ಆ ದನಿ ಕೇಳಿಯೇ ಸಭೆ ಚಪ್ಪಾಳೆ ತಟ್ಟಿತು. ಹಾಕಿ ಆಟಗಾರ್ತಿ ಪ್ರಶ್ನೆ ಮುಗಿಯುವ ಮೊದಲೇ ಒತ್ತಿ ಒತ್ತಿ ಆರು ಸಲ ಎರಡು ಸೆಕೆಂಡಿನ ಶಿಕ್ಷೆ ತಿಂದರು. ಆದರೂ ಗೆದ್ದರು, ಕೈ ಅಷ್ಟು ಚುರುಕು. 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸನ್ನು 43ನೇ ವಯಸ್ಸಿನಲ್ಲಿ ಗೆದ್ದ ನಮ್ಮ ರೋಹನ್ ಬೋಪಣ್ಣನ ಜೊತೆ ಆಡಿದವರು ಯಾರು ಅಂತ ಕೇಳಿದಾಗ, ಮ್ಯಾಥ್ಯೂ ಎಬ್ಡನ್ ಎಂಬ ಹೆಸರು ಹೇಳಿದ್ದು ಅವರೊಬ್ಬರೇ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಎಲ್ಲಿ ಶುರುವಾಯಿತು ಅಂತ ಕೇಳಿದ್ದಕ್ಕೆ ‘ಕರಡ’ ಅಂತ ಹೇಳಿದ್ದು ಮಾತ್ರ ಕರ್ನಲ್. ಹಾಕಿಯವರು ತಲೆಗೆ ಕೈ ಇಟ್ಟುಕೊಂಡರು.

ಕರ್ನಲ್ ಆಡುವ ಕ್ರಮವೇ ಬೇರೆ. ಎದೆ ನೆಟ್ಟಗೆ, ಕಣ್ಣು ಮುಚ್ಚಿ, ಪ್ರಶ್ನೆಯ ಕೊನೆಯ ಅಕ್ಷರದವರೆಗೆ ಕೇಳಿ, ಆಮೇಲೆ ಒತ್ತುವುದು. ಅರ್ಧ ಪ್ರಶ್ನೆಗಳು ಕೈಬಿಟ್ಟು ಹೋಗುತ್ತಿದ್ದವು. ಒತ್ತಿದರೆ ಮಾತ್ರ ಸರಿ ಉತ್ತರವೇ.

ಭಾನುವಾರ ಸಂಜೆ ಫೈನಲ್. ಹಾಕಿ, ಕರ್ನಲ್, ರೇಡಿಯೊ. ಕೊನೆಯ ಪ್ರಶ್ನೆಗೆ ಬರುವಾಗ ಹಾಕಿಯವರದ್ದು 110, ಕರ್ನಲ್‌ದು 100, ರೇಡಿಯೊದ ಅಕ್ಕನದ್ದು 70. ಬೆಳಗ್ಗೆಯಿಂದ ಸೆಕೆ. ಭಾಗಮಂಡಲದ ಕಡೆ ಮೋಡ ಕಪ್ಪಾಗಿತ್ತು. ಸಭೆಯಲ್ಲಿದ್ದ ಅರ್ಧ ಜನ ಕ್ವಿಜ್ ನೋಡುತ್ತಿದ್ದರು, ಉಳಿದರ್ಧ ಕಿಟಕಿ ನೋಡುತ್ತಿದ್ದರು.

ನಿರೂಪಕ ಕಾರ್ಡು ತೆಗೆದು ಒಂದೇ ಉಸಿರಿಗೆ ಓದಿದ: “ಸ್ವತಂತ್ರ ಭಾರತದ ಭೂಸೇನೆಯ ಮೊದಲ ಮಹಾದಂಡನಾಯಕ ಯಾರು?”

ಸಭೆಯಲ್ಲಿ ಗುಜುಗುಜು, ನಗು. ಮಡಿಕೇರಿಯಲ್ಲಿ ಇದೂ ಒಂದು ಪ್ರಶ್ನೆಯಾ? ಎಲ್ಲರಿಗಿಂತ ಮೊದಲು, ಅವರ ಲೆಕ್ಕದಲ್ಲಿ ಆಶ್ಚರ್ಯದ ವೇಗದಲ್ಲಿ, ಕರ್ನಲ್ ಒತ್ತಿದರು.

“ಜನರಲ್ ಸರ್ ರಾಬ್ ಲಾಕ್‌ಹಾರ್ಟ್.”

ಒಂದು ಕ್ಷಣ ಹಾಲ್ ತಣ್ಣಗಾಯಿತು. ನಿರೂಪಕ ಕಾರ್ಡಿನ ಹಿಂಬದಿ ನೋಡಿ ಪಾಪ ಅನ್ನುವ ಮುಖ ಮಾಡಿ “ತಪ್ಪು” ಅಂದ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಹಾಕಿಯವರ ಬಲ್ಬು ಹತ್ತಿತು. “ಫೀಲ್ಡ್ ಮಾರ್ಷಲ್ ಕಾರ್ಯಪ್ಪ!” ಚಪ್ಪಾಳೆಯೋ ಚಪ್ಪಾಳೆ. 120ಕ್ಕೆ 95.

ಕರ್ನಲ್ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ ನೋಡಿದರು ಅಷ್ಟೇ. ಅರ್ಥವಾಗದ ಪಾಠದ ಮಧ್ಯೆ ಕೈ ಎತ್ತದೆ ಸುಮ್ಮನೆ ನೋಡುವ ಹುಡುಗರಿರುತ್ತಾರಲ್ಲ, ಹಾಗೆ. ನನ್ನ ಹೊಟ್ಟೆಯಲ್ಲಿ ಏನೋ ಕದಲಿತು. ನೋಟ್‌ಬುಕ್ಕು ತೆರೆದೆ.

ಅದೇ ಹೊತ್ತಿಗೆ ಜಿಂಕ್ ಶೀಟಿನ ಮೇಲೆ ಕಲ್ಲು ಸುರಿದ ಹಾಗೆ ಮಳೆ. ಸೌಂಡ್ ನೋಡುವ ಹುಡುಗ ಎರಡೂ ಕೈ ಎತ್ತಿದ. ಕರೆಂಟು ಹೋಯಿತು. ನಮ್ಮವರು ಕ್ವಿಜ್, ಸೆಲೆಬ್ರಿಟಿ ಎಲ್ಲ ಬಿಟ್ಟು ಜಗಲಿಗೆ ಓಡಿದರು. ಹೂಮಳೆ! ಮಾರ್ಚ್‌ನಲ್ಲಿ ಈ ಮಳೆ ಸರಿಯಾಗಿ ಬಂದರೆ ಕಾಫಿ ಒಟ್ಟಿಗೆ ಹೂ ಬಿಡುತ್ತದೆ, ಬಾರದಿದ್ದರೆ ಮುಂದಿನ ವರ್ಷದ ಫಸಲು ದೇವರಿಗೇ ಪ್ರೀತಿ. ಎಲ್ಲರ ಕಿವಿಗೂ ಫೋನು. “ನಿಮ್ಮಲ್ಲಿ ಬಂತಾ? ಎಷ್ಟು? ನಲವತ್ತು ಸೆಂಟಾ?” ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುವವರು. ನೂರು ಸೆಂಟಿಗೆ ಒಂದು ಇಂಚು. ಪ್ರಾಯೋಜಕ ಪ್ಲಾಂಟರು ಮಗುವಿನ ಹಾಗೆ ಅಂಗಳಕ್ಕಿಳಿದು ನೆನೆಯುತ್ತಿದ್ದರು.

ನಾನು ಮೊಬೈಲ್ ಟಾರ್ಚು ಹಾಕಿಕೊಂಡು ನನ್ನದೇ ಅಕ್ಷರ ಓದುತ್ತಿದ್ದೆ. ‘ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಯಾರು?’ ಬೇರೆ ಉತ್ತರ ಸಾಧ್ಯವಾ? ‘ಇಲ್ಲ.’ ಅದರ ಕೆಳಗೆ ಟಿಪ್ಪಣಿ: ‘15 ಜನವರಿ 1949ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಈ ದಿನವೇ ಸೇನಾ ದಿನ.’

ಬುಚರ್ ಅವರಿಂದ! ಅಂದರೆ ಕಾರ್ಯಪ್ಪನವರಿಗಿಂತ ಮೊದಲು ಆ ಕುರ್ಚಿಯಲ್ಲಿ ಬೇರೆಯವರಿದ್ದರು ಅಂತ ನಾನೇ ಬರೆದಿದ್ದೇನೆ. ವಾಕ್ಯ ಕತ್ತರಿಸುವಾಗ ಒಂದೇ ಸಾಲಿನಲ್ಲಿ ‘ಭಾರತದ’, ‘ಭಾರತೀಯ’ ಎರಡೆರಡು ಸಲ ಯಾಕೆ ಅನ್ನಿಸಿ ಒಂದನ್ನು ತೆಗೆದಿದ್ದೆ. ತೆಗೆಯಬಾರದ್ದನ್ನೇ ತೆಗೆದಿದ್ದೆ. ಟೈಪ್ ಮಾಡಿದವನ ತಪ್ಪಲ್ಲ, ನಿರೂಪಕನ ತಪ್ಪಲ್ಲ. ಕೆಂಪು ಪೆನ್ನು ನನ್ನದು.

ಕತ್ತಲಲ್ಲಿ ಕರ್ನಲ್ ಬಳಿ ಹೋದೆ. ಅವರು ತಮ್ಮ ಕುರ್ಚಿಯಲ್ಲೇ ಕೂತಿದ್ದರು.

“ಸರ್, ನಿಮಗೆ ನಾನು ಯಾವ ಉತ್ತರ ಬಯಸಿದ್ದೆ ಅಂತ ಗೊತ್ತಿತ್ತು, ಅಲ್ವಾ?”

“ಗೊತ್ತಿತ್ತು ಟೀಚರ್. ಆದರೆ ಕೇಳಿದ್ದು ಬೇರೆ. 1947 ಆಗಸ್ಟ್ 15ರಿಂದ ಡಿಸೆಂಬರ್ ಕೊನೆವರೆಗೆ ಲಾಕ್‌ಹಾರ್ಟ್. 48ರ ಜನವರಿಯಿಂದ ಬುಚರ್. ಆಮೇಲೆ ನಮ್ಮವರು. ನೀವು ಇಷ್ಟು ಹುಷಾರಾಗಿ ಪ್ರಶ್ನೆ ಬರೆಯುವವರು, ಬೇಕೆಂದೇ ‘ಭಾರತೀಯ’ ಬಿಟ್ಟಿದ್ದೀರಿ ಅಂದುಕೊಂಡೆ.”

ಇದಕ್ಕಿಂತ ಕಪಾಳಕ್ಕೆ ಎರಡು ಕೊಟ್ಟಿದ್ದರೆ ಸುಖವಾಗಿತ್ತು.

ಮಳೆ ಕಡಿಮೆಯಾಗಿ ನೆಟ್‌ವರ್ಕ್ ಬರಲು ಇಪ್ಪತ್ತು ನಿಮಿಷ ಬೇಕಾಯಿತು. ಎರಡು ಕಡೆ ನೋಡಿದೆ. ಅವರು ಹೇಳಿದ ತಾರೀಕು ಚಾಚೂ ತಪ್ಪಿರಲಿಲ್ಲ. ಅಷ್ಟರಲ್ಲಿ ಚಾನೆಲ್ ಯಜಮಾನರಿಗೆ ವಿಷಯ ಗೊತ್ತಾಗಿತ್ತು.

“ಟೀಚರೆ, ಮಡಿಕೇರಿಯಲ್ಲಿ ಕೂತು ಬ್ರಿಟಿಷ್ ದೊರೆ ಸರಿ, ಕಾರ್ಯಪ್ಪ ತಪ್ಪು ಅಂದ್ರೆ ಜನ ಬಿಡ್ತಾರಾ? ದಾನಕ್ಕೆ ಆಡುವ ಆಟ. ಆ ಪ್ರಶ್ನೆಯನ್ನೇ ಎಡಿಟಿಂಗಲ್ಲಿ ಹಾರಿಸಿಬಿಡುವ.”

“ಪ್ರಶ್ನೆ ಹಾರಿಸಿದರೆ ಹಾಕಿಯವರು 110, ಕರ್ನಲ್ 100. ಕರ್ನಲ್ ಅವರ ವೃದ್ಧಾಶ್ರಮಕ್ಕೆ ಒಂದು ಲಕ್ಷ ಜಾಸ್ತಿ ಸಿಗುವ ಅವಕಾಶವೇ ಹೋಗ್ತದೆ. ಸರಿ ಉತ್ತರ ಕೊಟ್ಟದ್ದಕ್ಕೆ. ಅದನ್ನೂ ಎಡಿಟ್ ಮಾಡ್ತೀರಾ?”

ಅವರು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯರಲ್ಲ. ಅಂಗಡಿ ಬೋರ್ಡುಗಳಿಂದ ಜಾಹೀರಾತು ತಂದು ಚಾನೆಲ್ ನಡೆಸುವವರಿಗೆ ಊರಿನ ಕೋಪ ಅಂದರೆ ಸಣ್ಣ ವಿಷಯ ಅಲ್ಲ. “ಹೇಳುವುದಾದರೆ ನೀವೇ ಹೇಳಿ,” ಅಂದರು.

ಹಾಕಿಯವರಿಗೆ ಮೊದಲು ಒಬ್ಬರಿಗೇ ಹೇಳಿದೆ. ಅವರು ನಕ್ಕುಬಿಟ್ಟರು. “ಎಂತ ಟೀಚರೆ, ಗೋಲ್ ಆಯ್ತು ಅಂತ ಕುಣಿದಾದ ಮೇಲೆ ಅಂಪೈರು ಬೇಡ ಅಂದದ್ದು ನನಗೆ ಎಷ್ಟು ಸಲ ಆಗಿಲ್ಲ?”

ಜನರೇಟರ್ ಹಾಕಿದರು. ಅದರ ಗುರ್ ಗುರ್ ಸದ್ದು ಆ ಕಂತಿನಲ್ಲಿ ಕೊನೆಯವರೆಗೂ ಕೇಳುತ್ತದೆ, ಕ್ಷಮಿಸಿ. ಎಲ್ಲರೂ ಒದ್ದೆ ತಲೆಯಲ್ಲಿ, ಖುಷಿಯಲ್ಲಿ ಬಂದು ಕೂತರು. ನಾನು ಎದ್ದು ನಿಂತು ಕಾರ್ಡು ಓದಿದೆ, ನೋಟ್‌ಬುಕ್ಕು ಓದಿದೆ, ಬಿಟ್ಟುಹೋದ ಮಾತು ಯಾವುದು ಅಂತ ಹೇಳಿದೆ. ಓದಿದ ಪ್ರಶ್ನೆಗೆ ಕರ್ನಲ್ ಉತ್ತರ ಸರಿ. ಕಾರ್ಯಪ್ಪ ಅನ್ನುವ ಉತ್ತರ ತಪ್ಪು. ಬರೆದವಳು ನಾನು, ತಪ್ಪೂ ನನ್ನದು.

“ಮಡಿಕೇರಿಯಲ್ಲಿ ಕಾರ್ಯಪ್ಪ ತಪ್ಪಾ?” ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಗಲಾಟೆ ಶುರುವಾಗುವುದರಲ್ಲಿತ್ತು. ಆಗ ಕರ್ನಲ್ ಮೈಕ್ ತೆಗೆದುಕೊಂಡರು. ದೊಡ್ಡ ಭಾಷಣ ಏನಿಲ್ಲ. “ಅವರಿಗಿಂತ ಮೊದಲು ಇಬ್ಬರು ಬ್ರಿಟಿಷರು ಆ ಕುರ್ಚಿಯಲ್ಲಿ ಕೂತಿದ್ದರು. ಅವರನ್ನು ಮರೆತರೆ, ಕಾರ್ಯಪ್ಪನವರು ಯಾರ ಕೈಯಿಂದ ಸೈನ್ಯವನ್ನು ತೆಗೆದುಕೊಂಡರು ಅನ್ನುವುದೇ ಮರೆತು ಹೋಗ್ತದೆ,” ಅಂದು ಕೂತರು. ಎದ್ದವರು ಕೂತರು. ಅವರ ಮುಖ ಮಾತ್ರ ಸಡಿಲವಾಗಲಿಲ್ಲ.

ಲೆಕ್ಕ ತಿದ್ದಿದೆವು. ಸರಿ ಉತ್ತರ ಬಂದಾಗಲೇ ಪ್ರಶ್ನೆ ಮುಗಿದ ಹಾಗೆ, ಹಾಗಾಗಿ ಹಾಕಿಯವರಿಗೆ ಬಂದ 10 ವಾಪಸ್. 110, 110. ಟೈ.

ಉಳಿದ ಕಾರ್ಡುಗಳಿಂದ ಒಂದನ್ನು ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯ ಕೈಯಲ್ಲಿ ಎತ್ತಿಸಿದೆವು. ನಿರೂಪಕ ಓದಿದ: “ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1956ರ ನವೆಂಬರ್ 1ರವರೆಗೆ, ಎಷ್ಟು ಮುಖ್ಯಮಂತ್ರಿಗಳನ್ನು ಕಂಡಿತು?”

ಹಾಕಿಯವರು ಎಂದಿನಂತೆ ‘ಎಷ್ಟು’ ಬರುವ ಮೊದಲೇ ಒತ್ತಿದರು. ಬಲ್ಬು ಹತ್ತಲಿಲ್ಲ, ಎರಡು ಸೆಕೆಂಡಿನ ಶಿಕ್ಷೆ. ಈಗ ಕರ್ನಲ್ ಒತ್ತಿದರೆ ಆಟ ಮುಗಿಯಿತು. ಅವರು ಬೆರಳು ಬಟನ್ ಮೇಲಿಟ್ಟು, ನನ್ನ ಕಡೆ ತಿರುಗಿ, “ಟೀಚರ್, ಈ ಸಲ ಪ್ರಶ್ನೆ ಪೂರ್ತಿ ಇದೆಯಾ?” ಅಂದರು.

ಹಾಲ್ ಬಿದ್ದು ಬಿದ್ದು ನಕ್ಕಿತು. ನಗು ಮುಗಿಯುವಷ್ಟರಲ್ಲಿ ಹಾಕಿಯವರ ಬಲ್ಬು ಉರಿದಿತ್ತು.

“ಒಬ್ಬರೇ. ಸಿ.ಎಂ. ಪೂಣಚ್ಚ.”

ಒಂದೂವರೆ ಲಕ್ಷ ಹಾಕಿ ಹುಡುಗಿಯರಿಗೆ ಹೋಯಿತು. ಕರ್ನಲ್ ಬೇಕೆಂದೇ ತಡ ಮಾಡಿದರಾ ಅಂತ ನನಗೆ ಇವತ್ತಿಗೂ ಅನುಮಾನ. ಒಮ್ಮೆ ಕೇಳಿದೆ. “ಸೈನ್ಯದಲ್ಲಿ ಇದ್ದವನು ಟೀಚರ್, ಮೈನ್ ಇದ್ದ ಜಾಗದಲ್ಲಿ ಎರಡನೇ ಸಲ ಕಾಲಿಡುವಾಗ ನೋಡಿಕೊಂಡೇ ಇಡುವುದು,” ಅಂದರು. ಅದು ಉತ್ತರವೇ ಅಲ್ಲ. ಆದರೆ ಅವರನ್ನು ಎರಡು ಸಲ ಕೇಳುವಷ್ಟು ಧೈರ್ಯ ನನಗಿಲ್ಲ.

ಥರ್ಮೋಕೋಲಿನ ದೊಡ್ಡ ಚೆಕ್ ಹಿಡಿದು ಎಲ್ಲರೂ ಫೋಟೊ ತೆಗೆಸಿಕೊಂಡರು. ರೇಡಿಯೊದ ಅಕ್ಕ ಆರಿಸಿದ್ದು ಗಿರಿಜನ ಮಕ್ಕಳ ಒಂದು ಆಶ್ರಮ ಶಾಲೆಯ ಲೈಬ್ರರಿಯನ್ನು. ಅಲ್ಲಿಂದ ಬಂದ ಅಡುಗೆಯ ಅಮ್ಮ, “ಇದನ್ನು ಬಸ್ಸಿನಲ್ಲಿ ಹೇಗೆ ತಗೊಂಡು ಹೋಗುವುದು? ಬ್ಯಾಂಕಿನವರು ಮಡಚಿದರೆ ತಗೊಳ್ತಾರಾ?” ಅಂತ ನನ್ನ ಕಿವಿಯಲ್ಲಿ ಕೇಳಿದರು. ನಿಜವಾದ ಚೆಕ್ ಬೇರೆ ಉಂಟು ಅಂತ ಹೇಳಿದ ಮೇಲೇ ಅವರು ಕಾಫಿ ಕುಡಿದದ್ದು. ಚೆಕ್ಕುಗಳೆಲ್ಲ ಏಪ್ರಿಲ್ ಒಳಗೆ ಪಾಸಾದವು. ಶಾಲೆಯಿಂದ ಸ್ಟಿಕ್ಕಿನ ಬಿಲ್ಲಿನ ಫೋಟೊ ಬಂತು. ಇಪ್ಪತ್ತೆರಡು ಸ್ಟಿಕ್ಕು, ಒಂದು ಗೋಲ್‌ಕೀಪರ್ ಪ್ಯಾಡ್, ಶೂಗಳು. ಬಿಲ್ಲನ್ನು ನೋಟ್‌ಬುಕ್ಕಿನ ಆ ಪುಟದಲ್ಲೇ ಅಂಟಿಸಿದ್ದೇನೆ.

ಫೈನಲ್ ಪ್ರಸಾರವಾದದ್ದು ಮೂರು ವಾರದ ನಂತರ, ಒಂದು ಭಾನುವಾರ ರಾತ್ರಿ ಎಂಟಕ್ಕೆ. ಏಳೂಮುಕ್ಕಾಲಿಗೆ ನಮ್ಮ ಮನೆಯ ಕರೆಂಟು ಹೋಯಿತು. ಬೇಲಿಯಾಚೆಯ ಮನೆಯವರಿಗೆ ಇನ್ವರ್ಟರ್ ಉಂಟು. ಹೋಗಿ ಕೂರಲು ನಾಚಿಕೆ. ಕಿಟಕಿ ತೆರೆದಿಟ್ಟು ಕತ್ತಲಲ್ಲಿ ಕೂತು ಕೇಳಿದೆ. ಜನರೇಟರ್ ಸದ್ದು ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ನಿರೂಪಕನ ದನಿ ಸ್ಪಷ್ಟವಾಗಿತ್ತು. ಸ್ವತಂತ್ರ ಭಾರತದ ಭೂಸೇನೆಯ ಮೊದಲ ಮಹಾದಂಡನಾಯಕ ಯಾರು?

“ಕಾರ್ಯಪ್ಪ!” ಬೇಲಿಯಾಚೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಒಟ್ಟಿಗೆ ಕೂಗಿದರು. ನಮ್ಮ ಮನೆಯವರೂ ಕೂಗಿದರು, ಇಷ್ಟೆಲ್ಲ ಗೊತ್ತಿದ್ದೂ.

ಐದು ನಿಮಿಷದಲ್ಲಿ ಫೋನು ಬಂತು. ಗೊತ್ತಿಲ್ಲದ ನಂಬರ್. ಬೈಸಿಕೊಳ್ಳಲು ಸಿದ್ಧಳಾಗಿ ಎತ್ತಿದೆ.

“ಟೀಚರಾ? ಶನಿವಾರಸಂತೆಯಿಂದ ಮಾತಾಡ್ತಿರೋದು. ಅದೆಲ್ಲ ಸರಿ, ಕಾರ್ಯಪ್ಪನವರು ಹುಟ್ಟಿದ್ದು ನಮ್ಮೂರಲ್ಲಿ. ಅದನ್ನ ಯಾಕೆ ಕೇಳ್ಲಿಲ್ಲ?”